ಬಿಸಿಲು ಒಂದೇ, ಕಡಲ ಬಿಸಿ ಬೇರೆ ಯಾಕೆ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ ಕಡಲತೀರದ ಊರು. ಮೇ ತಿಂಗಳಲ್ಲಿ ಸಮುದ್ರದ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ. ಮಳೆಗಾಲ ಶುರುವಾಗಿ ತೂಫಾನ್ ಎದ್ದ ಮೇಲೆ ತಣ್ಣಗಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಮಾತ್ರ ಮಳೆಗಾಲದಲ್ಲೂ ನೀರು ಬೆಚ್ಚಗೇ ಇರುತ್ತದೆ ಎಂದು ಓದಿದೆ. ಎರಡೂ ಕಡೆ ಬಿಸಿಲು ಹೆಚ್ಚುಕಮ್ಮಿ ಒಂದೇ ಅಲ್ವಾ? ನೀರು ತಣ್ಣಗಾಗುವುದು ಅಲೆಗಳಿಂದಲಾ, ಒಳಗಿನ ಸೆಳೆತದಿಂದಲಾ? ಮೊಬೈಲಿನಲ್ಲಿ ಸಮುದ್ರದ ತಾಪಮಾನದ ನಕ್ಷೆ ನೋಡುತ್ತಿರುತ್ತೇನೆ. ಅಲ್ಲಿ ಕಡುಕೆಂಪು ಕಂಡರೆ ಬಿಸಿ ಜಾಸ್ತಿ ಇದೆ ಎಂದೇ ತಿಳಿಯಬೇಕಾ?

ಉತ್ತರ: ಬಿಸಿಲಿನ ಬಗ್ಗೆ ನಿಮ್ಮ ಅಂದಾಜು ಸರಿಯಾಗಿಯೇ ಇದೆ. ಮೋಡದ ಲೆಕ್ಕ ಬಿಟ್ಟರೆ, ಉಷ್ಣವಲಯದ ಕಡಲಿಗೆ ಸೂರ್ಯ ಕೊಡುವ ಶಾಖದಲ್ಲಿ ಜಾಗದಿಂದ ಜಾಗಕ್ಕೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಆ ಶಾಖ ಎಷ್ಟು ದಪ್ಪದ ನೀರಿಗೆ ಹಂಚಿಹೋಗುತ್ತದೆ, ಎಷ್ಟು ದಿನ ಅಲ್ಲೇ ನಿಲ್ಲುತ್ತದೆ ಎಂಬುದು ಮಾತ್ರ ಊರಿಂದ ಊರಿಗೆ ಬೇರೆ. ಅದನ್ನು ತೀರ್ಮಾನಿಸುವುದು ಗಾಳಿ, ಸೆಳೆತ ಮತ್ತು ಅಲೆ. ಅಲೆ ಎಂದಾಗ ನೀವು ದಡದಲ್ಲಿ ನಿಂತು ನೋಡುವ ತೆರೆ ಕಣ್ಣಮುಂದೆ ಬರುತ್ತದೆ. ಆದರೆ ಇಲ್ಲಿ ದೊಡ್ಡ ಕೆಲಸ ಮಾಡುವುದು ಕಣ್ಣಿಗೇ ಕಾಣದ, ಸಾವಿರಾರು ಕಿಲೋಮೀಟರ್ ಉದ್ದದ ಇನ್ನೊಂದು ಜಾತಿಯ ಅಲೆ. ನಿಮ್ಮೂರ ಕಡಲಿನ ಬಿಸಿಯ ಕಥೆ ಸುಮಾತ್ರಾ ದ್ವೀಪದ ದಡದಲ್ಲಿ ಶುರುವಾಗಬಹುದು ಎಂದರೆ ನಂಬಲು ಸ್ವಲ್ಪ ಕಷ್ಟ. ಅದನ್ನೇ ವಿವರವಾಗಿ ಹೇಳುತ್ತೇನೆ.

ಮೊದಲು ದಪ್ಪದ ವಿಷಯ. ಬೇಸಿಗೆಯ ಮಧ್ಯಾಹ್ನ ಕೆರೆಗೆ ಇಳಿದವರಿಗೆ ಗೊತ್ತು: ಎದೆಮಟ್ಟದ ನೀರು ಬೆಚ್ಚಗಿರುತ್ತದೆ, ಕಾಲಿಗೆ ತಾಗುವ ನೀರು ತಣ್ಣಗಿರುತ್ತದೆ. ಕಡಲಿನಲ್ಲೂ ಹಾಗೇ. ಮೇಲೆ ಗಾಳಿ ಕಲಕಿ ಒಂದೇ ಹದಕ್ಕೆ ತಂದ ಬೆಚ್ಚಗಿನ ಪದರ ಒಂದಿರುತ್ತದೆ. ಅದರ ಕೆಳಗೆ ತಾಪಮಾನ ಸರಸರ ಇಳಿಯುವ ಜಾಗ. ಇದನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಅದರ ಕೆಳಗೆ ಆಳಕ್ಕೆ ಹೋದಷ್ಟೂ ತಣ್ಣನೆಯ ನೀರೇ. ಉಷ್ಣವಲಯದ ಕಡಲು ಮೇಲಿನಿಂದ ನೋಡಿದರೆ ಬಿಸಿ ಅನ್ನಿಸುತ್ತದೆ, ಆದರೆ ಆ ಬಿಸಿ ಇರುವುದು ತೆಳ್ಳಗಿನ ಒಂದು ಪದರದಲ್ಲಿ.

ಒಂದು ಸಣ್ಣ ಲೆಕ್ಕ ಹಾಕೋಣ. ಬಂದದ್ದು, ಹೋದದ್ದು ಎಲ್ಲ ಕಳೆದು ಒಂದು ಚದರ ಮೀಟರ್ ಕಡಲಿಗೆ 100 ವ್ಯಾಟ್ ಉಳಿಯಿತು ಎಂದುಕೊಳ್ಳಿ. ಮೇಲಿನ ಪದರ 50 ಮೀಟರ್ ದಪ್ಪ ಇದ್ದರೆ ಒಂದು ತಿಂಗಳಲ್ಲಿ ಅದು ಸುಮಾರು 1.3 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಅದೇ ಪದರ 20 ಮೀಟರ್ ಇದ್ದರೆ 3 ಡಿಗ್ರಿಗಿಂತ ಜಾಸ್ತಿ. ಬಿಸಿಲು ಒಂದೇ, ಫಲ ಎರಡೂವರೆ ಪಟ್ಟು. ಹಾಗಾಗಿ ಕಡಲನ್ನು ಓದುವವರು ಮೊದಲು ಕೇಳುವುದು ಆ ಪದರ ಎಷ್ಟು ದಪ್ಪ ಇದೆ ಎಂದು.

ಇನ್ನು ಕಣ್ಣಿಗೆ ಕಾಣುವ ಅಲೆಗಳು. ಇವುಗಳ ಪಾತ್ರ ಇದೆ, ಆದರೆ ಜನ ಅಂದುಕೊಂಡ ಹಾಗೆ ಅಲ್ಲ. ಅಲೆ ಮುಂದೆ ಹೋದಂತೆ ಕಂಡರೂ ನೀರು ಅದರ ಜೊತೆ ಊರಿಂದ ಊರಿಗೆ ಹೋಗುವುದಿಲ್ಲ. ನೀರಿನ ಕಣ ಇದ್ದಲ್ಲೇ ಒಂದು ಸುತ್ತು ಹಾಕಿ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ಆ ಸುತ್ತು ಕೂಡ ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಅಡಗಿಹೋಗುತ್ತದೆ. ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವ ಉಬ್ಬಲೆಗಳಿವೆಯಲ್ಲ, ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವವು, ಅವು ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಇಲ್ಲಿಯವರೆಗೆ ಬರುತ್ತವೆ. ಆದರೆ ಅವುಗಳ ಜೊತೆ ಅಲ್ಲಿನ ತಣ್ಣನೆಯ ನೀರೇನೂ ಬರುವುದಿಲ್ಲ. ಬರುವುದು ಶಕ್ತಿ ಮಾತ್ರ.

ಸ್ಥಳೀಯ ಗಾಳಿಗೆ ಎದ್ದು ನೊರೆಯಾಗಿ ಒಡೆಯುವ ಅಲೆಗಳ ಮಾತು ಬೇರೆ. ಅವು ಮೇಲಿನ ಕೆಲವು ಮೀಟರ್ ನೀರನ್ನು ಚೆನ್ನಾಗಿ ಕಲಕುತ್ತವೆ. ಗಾಳಿ ಮತ್ತು ಅಲೆ ಸೇರಿದಾಗ ನೀರಿನೊಳಗೆ ಉದ್ದುದ್ದ ಸುರುಳಿಗಳೂ ಹುಟ್ಟುತ್ತವೆ. ಮೇಲ್ಮೈಯಲ್ಲಿ ಗಾಳಿಯ ದಿಕ್ಕಿಗೆ ಸಾಲುಸಾಲಾಗಿ ಕಸ, ನೊರೆ ಕೂಡಿಕೊಂಡಿರುವುದನ್ನು ನಿಮ್ಮೂರ ಮೀನುಗಾರರು ಖಂಡಿತ ನೋಡಿರುತ್ತಾರೆ. ಅಟ್ಲಾಂಟಿಕ್ ದಾಟುವಾಗ ಕಡಲಕಳೆ ಹೀಗೆ ಸಾಲುಗಟ್ಟಿದ್ದನ್ನು ಗಮನಿಸಿದ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಇದರ ಬಗ್ಗೆ 1938ರಲ್ಲಿ ಬರೆದರು. ಈ ಸುರುಳಿಗಳು ಮೇಲಿನ ಬಿಸಿಯನ್ನು ಕೆಳಕ್ಕೆ, ಕೆಳಗಿನ ತಂಪನ್ನು ಮೇಲಕ್ಕೆ ತರುತ್ತವೆ. ಮಳೆಗಾಲದ ಗಾಳಿಗೆ ಮಧ್ಯ ಅರಬ್ಬಿ ಸಮುದ್ರದ ಮೇಲ್ಪದರ 20–30 ಮೀಟರಿನಿಂದ 70–80 ಮೀಟರಿನವರೆಗೆ ದಪ್ಪವಾಗುವುದರಲ್ಲಿ ಈ ಕಲಕುವಿಕೆಗೂ ಪಾಲಿದೆ. ಜೊತೆಗೆ ಗಾಳಿ ಜೋರಾದರೆ ಆವಿಯೂ ಜಾಸ್ತಿ. ದಿನಕ್ಕೆ 1 ಮಿಲಿಮೀಟರ್ ನೀರು ಆವಿಯಾದರೆ ಚದರ ಮೀಟರಿಗೆ ಸುಮಾರು 29 ವ್ಯಾಟ್ ಶಾಖ ಕಡಲಿನಿಂದ ಹೋಯಿತೆಂದು ಲೆಕ್ಕ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ಒಂದೇ ಅಕ್ಷಾಂಶದಲ್ಲಿರುವ ಅಕ್ಕಪಕ್ಕದ ಕಡಲುಗಳು. ಮಳೆಗಾಲಕ್ಕೆ ಮುಂಚೆ ಎರಡೂ 28 ಡಿಗ್ರಿ ದಾಟಿರುತ್ತವೆ. ಈ 28 ಸುಮ್ನೆ ಒಂದು ಅಂಕಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲಿ ತೋರಿಸಿದ್ದು ಇದನ್ನೇ: ಕಡಲ ಮೇಲ್ಮೈ ಸುಮಾರು 28 ಡಿಗ್ರಿಗಿಂತ ಬಿಸಿ ಇದ್ದಲ್ಲಿ ಮಾತ್ರ ಎತ್ತರದ ಮಳೆಮೋಡಗಳು ಚೆನ್ನಾಗಿ ಏಳುತ್ತವೆ. ಅದಕ್ಕಿಂತ ಬಿಸಿ ಇದ್ದರೆ ಮೋಡ ಬಂದೇ ಬರುತ್ತದೆ ಎಂದಲ್ಲ. ಕಡಿಮೆ ಇದ್ದರೆ ಮಾತ್ರ ಕಷ್ಟ.

ಜೂನ್ ಬಂದ ಮೇಲೆ ಅರಬ್ಬಿ ಸಮುದ್ರದ ಬಹುಭಾಗ ತಣ್ಣಗಾಗುತ್ತದೆ. ನೆತ್ತಿಯ ಮೇಲೆ ಸೂರ್ಯ ಇರುವ ಕಾಲದಲ್ಲಿ ಕಡಲು ತಣ್ಣಗಾಗುವುದು ಲೋಕದಲ್ಲಿ ಅಪರೂಪದ ಸಂಗತಿ. ಕೊಲ್ಲಿ ಮಾತ್ರ 28ರ ಮೇಲೆಯೇ ಉಳಿಯುತ್ತದೆ, ಒಂದರ ಹಿಂದೆ ಒಂದು ವಾಯುಭಾರ ಕುಸಿತ ಹುಟ್ಟಿಸಿ ನಾಡಿಗೆ ಮಳೆ ಕಳಿಸುತ್ತಲೇ ಇರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಶೆಣೈ, ಶಂಕರ್, ಶೇಟ್ಯೆ ಅವರು 2002ರಲ್ಲಿ ಎರಡೂ ಕಡಲಿನ ಶಾಖದ ಜಮಾ-ಖರ್ಚು ಬರೆದು ನೋಡಿದರು. ಎರಡು ಕಾರಣ ಎದ್ದು ಕಂಡವು.

ಮೊದಲನೆಯದು ಉಪ್ಪು. ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ ಎಲ್ಲವೂ ನೀರು ತಂದು ಸುರಿಯುತ್ತವೆ. ಅದರ ಮೇಲೆ ಮಳೆ. ಸಿಹಿನೀರು ಹಗುರ. ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಅದನ್ನು ಒಡೆದು ಕೆಳಗಿನ ತಣ್ಣೀರನ್ನು ಮೇಲೆ ತರಲು ಗಾಳಿಗೆ ತುಂಬಾ ಶಕ್ತಿ ಬೇಕು. ಆದರೆ ಕೊಲ್ಲಿಯ ಗಾಳಿ ಅಷ್ಟು ಜೋರಿಲ್ಲ. ಸಿಕ್ಕ ಬಿಸಿಲೆಲ್ಲ ತೆಳ್ಳಗಿನ ಪದರದಲ್ಲೇ ಉಳಿಯುತ್ತದೆ.

ಎರಡನೆಯದು ಸೆಳೆತ. ಅರಬ್ಬಿ ಸಮುದ್ರದ ಮೇಲೆ ಸೊಮಾಲಿಯಾ ಕಡೆಯಿಂದ ಬೀಸುವ ಮುಂಗಾರು ಗಾಳಿ ಜಗತ್ತಿನ ಜೋರು ಗಾಳಿಗಳಲ್ಲಿ ಒಂದು. ಗಾಳಿ ಬೀಸಿದ ದಿಕ್ಕಿಗೇ ನೀರು ಹೋಗುವುದಿಲ್ಲ. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸರಿಯುತ್ತದೆ. ಸ್ವೀಡನ್ನಿನ ಎಕ್‌ಮನ್ 1905ರಲ್ಲಿ ಇದರ ಗಣಿತ ಕೊಟ್ಟರು. ಸೊಮಾಲಿಯಾ, ಒಮಾನ್ ತೀರದಲ್ಲಿ ಗಾಳಿ ದಡದ ಉದ್ದಕ್ಕೂ ಈಶಾನ್ಯಕ್ಕೆ ಬೀಸುವಾಗ ಮೇಲಿನ ಬೆಚ್ಚನೆಯ ನೀರು ದಡ ಬಿಟ್ಟು ಹೊರಕ್ಕೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ಸಮಭಾಜಕದ ಇಷ್ಟು ಹತ್ತಿರದ ಸೊಮಾಲಿಯಾ ತೀರದಲ್ಲಿ ಜುಲೈ-ಆಗಸ್ಟ್‌ನಲ್ಲಿ ಕೆಲವು ಕಡೆ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದೇ ತೀರದಲ್ಲಿ ಉತ್ತರಕ್ಕೆ ಓಡುವ ಸೊಮಾಲಿ ಪ್ರವಾಹದ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ, ಚಳಿಗಾಲದಲ್ಲಿ ಅದು ದಿಕ್ಕನ್ನೇ ಬದಲಿಸುತ್ತದೆ. ಇತ್ತ ಕಡಲಿನ ನಡುಭಾಗದ ಬೆಚ್ಚನೆಯ ಮೇಲ್ನೀರು ದಕ್ಷಿಣಕ್ಕೆ ಸರಿದು ಸಮಭಾಜಕ ದಾಟಿ ಹೋಗುತ್ತದೆ. ಉತ್ತರಕ್ಕೆ ಏಷ್ಯಾ ಖಂಡ ಅಡ್ಡ ನಿಂತಿರುವುದರಿಂದ ನಮ್ಮ ಕಡಲುಗಳ ಹೆಚ್ಚುವರಿ ಶಾಖಕ್ಕೆ ಹೊರಹೋಗಲು ಇರುವ ಬಾಗಿಲು ದಕ್ಷಿಣದ್ದು ಮಾತ್ರ.

ಇಷ್ಟರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನನಗೆ ಹೆಚ್ಚು ಇಷ್ಟವಾದ ಭಾಗ ಇನ್ನರ್ಧ.

ಥರ್ಮೋಕ್ಲೈನ್ ಎಂದೆನಲ್ಲ, ಬೆಚ್ಚನೆಯ ಹಗುರ ನೀರು ಮತ್ತು ತಣ್ಣನೆಯ ಭಾರದ ನೀರಿನ ನಡುವಿನ ಗಡಿ. ಆ ಗಡಿಯ ಮೇಲೂ ಅಲೆಗಳು ಓಡುತ್ತವೆ. ಮೇಲ್ಮೈಯಲ್ಲಿ ಅದರ ಗುರುತು ಕೆಲವು ಸೆಂಟಿಮೀಟರ್ ಉಬ್ಬು, ಅಷ್ಟೇ. ಹಡಗಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಒಳಗೆ ಮಾತ್ರ ಗಡಿ ಹತ್ತಾರು ಮೀಟರ್ ಕೆಳಕ್ಕೆ ಇಳಿದಿರುತ್ತದೆ ಅಥವಾ ಮೇಲಕ್ಕೆ ಏರಿರುತ್ತದೆ. ಇಳಿದರೆ ಬೆಚ್ಚನೆಯ ನೀರಿನ ದಾಸ್ತಾನು ದಪ್ಪ. ಏರಿದರೆ ತಣ್ಣೀರು ಮೇಲ್ಮೈಗೆ ಹತ್ತಿರ, ಸ್ವಲ್ಪ ಗಾಳಿ ಬೀಸಿದರೂ ಸಾಕು, ಕಡಲು ತಣ್ಣಗಾಗುತ್ತದೆ.

ಸಮಭಾಜಕದ ಗುಂಟ ಪೂರ್ವಕ್ಕೆ ಓಡುವ ಇಂಥ ಅಲೆಗೆ ಕೆಲ್ವಿನ್ ಅಲೆ ಎಂದು ಹೆಸರು. ವೇಗ ಸೆಕೆಂಡಿಗೆ ಸುಮಾರು 2.5 ಮೀಟರ್, ಅಂದರೆ ದಿನಕ್ಕೆ 200 ಕಿಲೋಮೀಟರಿಗಿಂತ ತುಸು ಜಾಸ್ತಿ. ಸುನಾಮಿ ಆಳ ಕಡಲಿನಲ್ಲಿ ಗಂಟೆಗೆ 700 ಕಿಲೋಮೀಟರ್ ಓಡುತ್ತದೆ. ಅದರ ಮುಂದೆ ಇದು ಆಮೆ. ಆದರೂ ಆಫ್ರಿಕಾ ತೀರದಿಂದ ಸುಮಾತ್ರಾಕ್ಕೆ ಒಂದು ತಿಂಗಳಲ್ಲಿ ತಲುಪುತ್ತದೆ. ಹಿಂದೂ ಮಹಾಸಾಗರದಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ, ಸಮಭಾಜಕದ ಮೇಲೆ ಪಶ್ಚಿಮದಿಂದ ಗಾಳಿ ಬೀಸುತ್ತದೆ. ಆಗ ನೀರು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಪೂರ್ವಕ್ಕೆ ಹರಿಯುತ್ತದೆ. ಸಾಗರ ವಿಜ್ಞಾನಿ ಕ್ಲೌಸ್ ವಿರ್ಟ್‌ಕಿ 1973ರಲ್ಲಿ ಇದನ್ನು ಗುರುತಿಸಿದ್ದರಿಂದ ಅದಕ್ಕೆ ವಿರ್ಟ್‌ಕಿ ಜೆಟ್ ಎಂದೇ ಹೆಸರಾಗಿದೆ. ಅದೇ ಗಾಳಿಗೆ ಹುಟ್ಟಿದ ಕೆಲ್ವಿನ್ ಅಲೆ ಸುಮಾತ್ರಾಕ್ಕೆ ಬಡಿದು ಅಲ್ಲಿಗೇ ಮುಗಿಯುವುದಿಲ್ಲ. ಒಂದು ಪಾಲು ದಡವನ್ನು ಬಲಕ್ಕೆ ಇಟ್ಟುಕೊಂಡು ತೀರಕ್ಕೆ ಅಂಟಿಕೊಂಡೇ ಹೊರಡುತ್ತದೆ. ಅಂಡಮಾನ್ ಕಡಲು, ಮ್ಯಾನ್ಮಾರ್, ಬಾಂಗ್ಲಾದೇಶ, ಒಡಿಶಾ, ಆಂಧ್ರ, ತಮಿಳುನಾಡು, ಶ್ರೀಲಂಕಾ ಸುತ್ತಿ ಕೇರಳದ ಕಡೆಗೆ ತಿರುಗುತ್ತದೆ.

ವರ್ಷದ ಕೊನೆಯ ಈ ಪಯಣದಲ್ಲಿ ಬಂಗಾಳ ಕೊಲ್ಲಿಯ ಸ್ವಂತ ಗಾಳಿಗಳೂ ಅಲೆಗೆ ಬಲ ಕೂಡಿಸುತ್ತವೆ. ಬಂದ ಅಲೆ ನಮ್ಮ ನೈರುತ್ಯ ತೀರದಲ್ಲಿ ಥರ್ಮೋಕ್ಲೈನನ್ನು ಕೆಳಕ್ಕೆ ಒತ್ತುತ್ತದೆ, ಕಡಲಮಟ್ಟವನ್ನು ಸ್ವಲ್ಪ ಎತ್ತುತ್ತದೆ. ಆಮೇಲೆ ಅಲ್ಲಿಂದ ರಾಸ್ಬಿ ಅಲೆ ಎಂಬ ಇನ್ನೊಂದು ಬಗೆಯ ಅಲೆ ಪಶ್ಚಿಮಕ್ಕೆ ನಿಧಾನವಾಗಿ ಹೊರಡುತ್ತದೆ. ಹೀಗೆ ಲಕ್ಷದ್ವೀಪದ ಸುತ್ತ ನೂರಾರು ಕಿಲೋಮೀಟರ್ ಅಗಲದ ಒಂದು ಉಬ್ಬು ನಿಲ್ಲುತ್ತದೆ. ಲಕ್ಷದ್ವೀಪ್ ಹೈ ಎನ್ನುವುದು ಇದಕ್ಕೇ. ಶಂಕರ್ ಮತ್ತು ಶೇಟ್ಯೆ 1997ರಲ್ಲಿ ಇದರ ಹುಟ್ಟನ್ನು ಬಿಡಿಸಿ ಹೇಳಿದರು. ಲಕ್ಷದ್ವೀಪದ ಉಬ್ಬಿಗೆ ಅಲ್ಲಿನ ಗಾಳಿಯಲ್ಲಿ ಕಾರಣ ಹುಡುಕಿದರೆ ಸಾಲದು, ಕೊಲ್ಲಿಯ ಗಾಳಿಯನ್ನೂ ನೋಡಬೇಕು ಎಂಬುದು ಆಗ ಸ್ಪಷ್ಟವಾಯಿತು.

ಅಲೆಯ ಜೊತೆಗೆ ಸೆಳೆತವೂ ಬರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಪಶ್ಚಿಮ ತೀರದ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಅದು ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ಹೊತ್ತು ತರುತ್ತದೆ. ಮಳೆಗಾಲದಲ್ಲಿ ಗಂಗೆ-ಬ್ರಹ್ಮಪುತ್ರ ಸುರಿದ ನೀರಿನ ಅಂಶ ಶ್ರೀಲಂಕಾ ಸುತ್ತಿ ನಮ್ಮ ಕಡೆಗೆ ಬಂದು ಅರಬ್ಬಿ ಸಮುದ್ರದ ಮೂಲೆಯಲ್ಲಿ ಮುಚ್ಚಳವಾಗುತ್ತದೆ. ಈಗ ನೋಡಿ: ಥರ್ಮೋಕ್ಲೈನ್ ಕೆಳಗೆ, ಸಿಹಿನೀರಿನ ಮುಚ್ಚಳ ಮೇಲೆ, ಸಹ್ಯಾದ್ರಿಯ ಮರೆಯಿಂದಾಗಿ ಚಳಿಗಾಲದ ಗಾಳಿಯೂ ಮಂದ. ಫೆಬ್ರವರಿ-ಮಾರ್ಚ್‌ನಲ್ಲಿ ಆಕಾಶ ಶುಭ್ರ. ತೆಳ್ಳಗಿನ ಮೇಲ್ಪದರ ಕಾಯುತ್ತಲೇ ಹೋಗುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಅರಬ್ಬಿ ಸಮುದ್ರದ ಆಗ್ನೇಯ ಮೂಲೆ 30 ಡಿಗ್ರಿ ದಾಟಿ ಉತ್ತರ ಹಿಂದೂ ಮಹಾಸಾಗರದ ಅತಿ ಬಿಸಿ ಜಾಗಗಳಲ್ಲಿ ಒಂದಾಗುತ್ತದೆ. ನಿಮ್ಮ ಮೇ ತಿಂಗಳ ಬೆಚ್ಚನೆಯ ನೀರು ಇದರ ಅಂಚು. ಮುಂಗಾರು ಕೇರಳಕ್ಕೆ ಬರುವ ಮುಂಚೆ ಇಲ್ಲಿ ಏನಾಗುತ್ತದೆ ಎಂದು ಅಳೆಯಲು 2003ರಲ್ಲಿ ಆರ್ಮೆಕ್ಸ್ ಎಂಬ ಯೋಜನೆಯಲ್ಲಿ ಸಾಗರ ಕನ್ಯಾ ಹಡಗು ಇದೇ ಕಡಲಿಗೆ ಹೋಗಿತ್ತು.

ಹಾಗಾದರೆ ಜೂನ್‌ನಲ್ಲಿ ನಿಮ್ಮೂರ ನೀರು ತಣ್ಣಗಾಗುವುದು? ತೂಫಾನ್ ಎದ್ದು ಕಡಲು ಕದಡಿದರೆ ಬೂತಾಯಿ, ಬಂಗುಡೆ ಮೀನುಗಳು ದಡದ ಕಡೆ ಬರುತ್ತವೆ ಎಂದು ನಾಡದೋಣಿಯವರು ಕಾಯುತ್ತಾರಲ್ಲ, ಆ ನಂಬಿಕೆಯಲ್ಲಿ ತಿರುಳಿದೆ. ಆದರೆ ತೆರೆಯ ಅಬ್ಬರ ಒಂದರಿಂದಲೇ ಇದು ಆಗುವುದಿಲ್ಲ. ಮಳೆಗಾಲದಲ್ಲಿ ತೀರದ ಪ್ರವಾಹ ದಕ್ಷಿಣಕ್ಕೆ ತಿರುಗಿರುತ್ತದೆ. ಗಾಳಿಗೂ ದಡದ ಉದ್ದಕ್ಕೆ ದಕ್ಷಿಣದ ಕಡೆ ಒಂದು ಅಂಶ ಇರುತ್ತದೆ. ಅದರ ಬಲ ಅಂದರೆ ಪಶ್ಚಿಮ, ಅಂದರೆ ಹೊರಕಡಲು. ಮೇಲ್ನೀರು ಹೊರಕ್ಕೆ ಸರಿದು ಕೆಳಗಿನ ತಣ್ಣೀರು ಖಂಡದ ಅಂಚನ್ನು ಹತ್ತಿ ಒಳಬರುತ್ತದೆ. ಇದು ಕೇರಳದ ಕಡೆ ಮೊದಲು ಶುರುವಾಗಿ ಉತ್ತರಕ್ಕೆ ಹಬ್ಬುತ್ತದೆ. ಸ್ವಾರಸ್ಯ ಏನೆಂದರೆ, ಸ್ಥಳೀಯ ಗಾಳಿ ಜೋರಾಗುವ ಮುಂಚೆಯೇ ಅಲ್ಲಿ ಥರ್ಮೋಕ್ಲೈನ್ ಏರಲು ಶುರುವಾಗಿರುತ್ತದೆ. ದೂರದಿಂದ ಬಂದ ಅಲೆ ಮೊದಲೇ ದಾರಿ ಮಾಡಿಕೊಟ್ಟಿರುತ್ತದೆ, ಗಾಳಿ ಕೆಲಸ ಮುಗಿಸುತ್ತದೆ.

ಏರಿಬಂದ ತಣ್ಣೀರಿನಲ್ಲಿ ಗೊಬ್ಬರದ ಸತ್ವ ತುಂಬ. ಅದರಿಂದ ಸಸ್ಯಕಣಗಳು ಬೆಳೆಯುತ್ತವೆ, ಅವನ್ನು ತಿನ್ನಲು ಬೂತಾಯಿ ಬರುತ್ತದೆ. ಜೊತೆಗೆ ಆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಹಾಗಾಗಿ ತಳದ ಮೀನುಗಳಿಗೆ ಅಲ್ಲಿ ಉಸಿರಾಡುವುದು ಕಷ್ಟವಾಗುತ್ತದೆ. ಕರಾವಳಿಯಲ್ಲಿ ಇನ್ನೂ ಒಂದು ತಿರುವು ಇದೆ. ಮಳೆ ಮತ್ತು ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ತೀರದ ಹತ್ತಿರ ಕೆಲವೇ ಮೀಟರ್ ದಪ್ಪದ ಸಿಹಿನೀರಿನ ಪದರ ಹಾಸುತ್ತವೆ. ಎಷ್ಟೋ ಸಲ ತಣ್ಣೀರು ಅದರ ಅಡಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಮೇಲ್ಮೈಯ ತಾಪಮಾನ ನೋಡಿದವರಿಗೆ ಕೆಳಗಿನ ಸುದ್ದಿ ಗೊತ್ತಾಗುವುದಿಲ್ಲ.

ಅಂಡಮಾನ್ ಕಡಲಿನ ಇನ್ನೊಂದು ಬಗೆಯ ಒಳ ಅಲೆಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಉಬ್ಬರವಿಳಿತದ ನೀರು ಕಡಲತಳದ ದಿಬ್ಬಗಳನ್ನು ದಾಟುವಾಗ ಥರ್ಮೋಕ್ಲೈನಿನ ಮೇಲೆ ಹತ್ತಾರು ಮೀಟರ್ ಎತ್ತರದ ಅಲೆಗಳು ಹುಟ್ಟುತ್ತವೆ. ಮೇಲೆ ಕಾಣುವುದು ಮೈಲುಗಟ್ಟಲೆ ಉದ್ದದ, ಕದಡಿದ ನೀರಿನ ಪಟ್ಟಿ ಮಾತ್ರ. ಅವು ಒಡೆದಾಗ ಕೆಳಗಿನ ತಂಪು ಮೇಲಕ್ಕೆ ಬೆರೆಯುತ್ತದೆ. ಕೆಲ್ವಿನ್ ಅಲೆಗೆ ಹೋಲಿಸಿದರೆ ಇವು ಚಿಕ್ಕವು. ಆದರೆ ಕಲಕುವ ಕೆಲಸದಲ್ಲಿ ಗಟ್ಟಿಗರು.

ಈ ವ್ಯವಸ್ಥೆ ಕೆಲವು ವರ್ಷ ಕೈಕೊಡುತ್ತದೆ. 1997 ಮತ್ತು 2019ರಲ್ಲಿ ಸಮಭಾಜಕದ ಗಾಳಿ ತಿರುಗುಮುರುಗಾಗಿ ಬೀಸಿತು. ವರ್ಷದ ಕೊನೆಯ ವಿರ್ಟ್‌ಕಿ ಜೆಟ್ ಸೊರಗಿತು. ಸುಮಾತ್ರಾ ಕಡೆ ಥರ್ಮೋಕ್ಲೈನ್ ಏರಿ ನೀರು ತಣ್ಣಗಾಯಿತು, ಆಫ್ರಿಕಾ ಕಡೆ ಬಿಸಿಯಾಯಿತು. ಪೂರ್ವ ಆಫ್ರಿಕಾದಲ್ಲಿ ನೆರೆ, ಇಂಡೋನೇಷ್ಯಾದಲ್ಲಿ ಬರ. ಹಿಂದೂ ಮಹಾಸಾಗರ ದ್ವಿಧ್ರುವ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು ಇದು. 1999ರಲ್ಲಿ ಇದನ್ನು ವಿವರಿಸಿದ ನಾಲ್ವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿನಯಚಂದ್ರನ್ ಒಬ್ಬರು. ಪೆಸಿಫಿಕ್‌ನ ಎಲ್ ನಿನೊ ಕೂಡ ಇದೇ ಕುಲದ್ದು. ಅಲ್ಲಿ ಕಡಲು ಅಗಲ, ಕೆಲ್ವಿನ್ ಅಲೆ ದಾಟಲು ಎರಡು-ಮೂರು ತಿಂಗಳು ಬೇಕು.

ಕೊನೆಯದಾಗಿ ನಿಮ್ಮ ಕೆಂಪು ನಕ್ಷೆ. ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ. 30 ಡಿಗ್ರಿಯ ಎರಡು ಜಾಗಗಳಲ್ಲಿ ಒಂದರಲ್ಲಿ ಬಿಸಿ 15 ಮೀಟರಿಗೇ ಮುಗಿದಿರಬಹುದು, ಇನ್ನೊಂದರಲ್ಲಿ 80 ಮೀಟರಿನವರೆಗೆ ಇರಬಹುದು. ನಕ್ಷೆಯಲ್ಲಿ ಎರಡೂ ಒಂದೇ ಕೆಂಪು. ಚಂಡಮಾರುತಕ್ಕೆ ಮಾತ್ರ ಈ ಎರಡೂ ಒಂದೇ ಅಲ್ಲ. ಅದು ತಾನು ಹೋದಲ್ಲೆಲ್ಲ ನೀರನ್ನು ಕಲಕುತ್ತದೆ. ತೆಳ್ಳಗಿನ ಪದರವಾದರೆ ಕೂಡಲೇ ತಣ್ಣೀರು ಮೇಲೆ ಬಂದು ಅದರ ಶಕ್ತಿ ಕುಗ್ಗುತ್ತದೆ. ದಪ್ಪ ಪದರವಾದರೆ ಎಷ್ಟು ಕಲಕಿದರೂ ಬಿಸಿನೀರೇ ಸಿಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪದ ಹತ್ತಿರ ಹುಟ್ಟಿ ನಮ್ಮ ಕರಾವಳಿಯ ಪಕ್ಕದಲ್ಲೇ ಗುಜರಾತಿಗೆ ಹೋದಾಗ ಅದರ ದಾರಿಯಲ್ಲಿ ಬೇಸಿಗೆಯ ಬಿಸಿನೀರು ಹಾಸಿತ್ತು. ಚಂಡಮಾರುತದ ಮುನ್ಸೂಚನೆ ಮಾಡುವವರು ಮೇಲ್ಮೈಯ ಡಿಗ್ರಿಗೆ ಸಮಾಧಾನಪಡದೆ 26 ಡಿಗ್ರಿಯ ನೀರು ಎಷ್ಟು ಆಳದವರೆಗೆ ಇದೆ ಎಂದು ನೋಡುವುದು ಇದಕ್ಕೇ.

ಆ ಆಳವನ್ನು ತಿಳಿಯಲು ಎರಡು ದಾರಿ ಇವೆ. ಒಂದು, ಆರ್ಗೋ ತೇಲುಯಂತ್ರಗಳು. ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಇವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತಾ ತಾಪಮಾನ, ಉಪ್ಪು ಅಳೆದು ಕಳಿಸುತ್ತವೆ. ಇನ್ನೊಂದು, ಉಪಗ್ರಹದಿಂದ ಅಳೆದ ಕಡಲಮಟ್ಟ. ಬೆಚ್ಚನೆಯ ಪದರ ದಪ್ಪ ಇದ್ದಲ್ಲಿ ಮಟ್ಟ ತುಸು ಎತ್ತರ, ತೆಳ್ಳಗಿದ್ದಲ್ಲಿ ತಗ್ಗು. ಇಸ್ರೋ ಮತ್ತು ಫ್ರಾನ್ಸ್ ಜೊತೆಯಾಗಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಈ ಕೆಲಸಕ್ಕೆಂದೇ ಹೋದದ್ದು. ಮುಂದಿನ ಸಲ ತಾಪಮಾನದ ನಕ್ಷೆ ತೆರೆದಾಗ ಪಕ್ಕದಲ್ಲಿ ಕಡಲಮಟ್ಟದ ಏರಿಳಿತದ ನಕ್ಷೆಯನ್ನೂ ತೆರೆಯಿರಿ. ಅಕ್ಟೋಬರಿನಿಂದ ವಾರಕ್ಕೊಮ್ಮೆ ನೋಡುತ್ತಾ ಬಂದರೆ ಸುಮಾತ್ರಾದ ಹತ್ತಿರ ಎದ್ದ ಉಬ್ಬು ಕೊಲ್ಲಿಯ ಅಂಚು ಹಿಡಿದು ಬರುವುದು, ಜನವರಿ ಹೊತ್ತಿಗೆ ಲಕ್ಷದ್ವೀಪದ ಸುತ್ತ ಮಟ್ಟ ಎತ್ತರವಾಗಿರುವುದು ಕಾಣುತ್ತದೆ. ಕೆಲವು ವರ್ಷ ಉಬ್ಬು ಸೊರಗಿರುತ್ತದೆ. ಅಂಥ ವರ್ಷ ಮೇ ತಿಂಗಳ ತಾಪಮಾನದ ನಕ್ಷೆಯ ಜೊತೆ ಹೋಲಿಸಿ ನೋಡಿ.